ಮೂರು ಸ್ಕೂಲು, ಒಂದೊಂದು ಮೊಳ

ಐದನೇ ಕ್ಲಾಸ್ ಮುಗಿಸಿದ ಹುಡುಗೀನ ಆರನೇ ಕ್ಲಾಸಿಗೆ ಎಲ್ಲಿ ಸೇರಿಸೋದು ಅನ್ನೋದು ಇಷ್ಟು ದೊಡ್ಡ ತಲೆನೋವು ಅಂತ ನಂಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕಂಬೈನಲ್ಲೂರು ಹತ್ತಿರದ ಹಳ್ಳೀಲಿ. ಅಲ್ಲಿ ಇದ್ದದ್ದೇ ಒಂದು ಸ್ಕೂಲು. ಅದಕ್ಕೆ ಹೋಗು, ಇಲ್ಲಾಂದ್ರೆ ಎಮ್ಮೆ ಹಿಂದೆ ಹೋಗು, ಅಷ್ಟೇ. ಸೇಲಂನಲ್ಲಿ ಹಂಗಲ್ಲ. ನಮ್ಮ ಬೀದಿ ಕೊನೇಲಿ ಒಂದು ಸ್ಕೂಲ್ ಐತೆ, ಒಂದು ಬಸ್ಸು ಹತ್ತಿದ್ರೆ ಇನ್ನೊಂದು, ಬಸ್ಸು ಬದಲಾಯಿಸಿದ್ರೆ ಮತ್ತೊಂದು. ಮೂರೂ ಸರ್ಕಾರದ್ದೇ. ಅದೇ ಪುಸ್ತಕ, ಅದೇ ಯೂನಿಫಾರಂ, ಮಧ್ಯಾಹ್ನಕ್ಕೆ ಅದೇ ಅನ್ನ, ಅದೇ ಮೊಟ್ಟೆ. ಎಲ್ಲಾ ಒಂದೇ ಆದ್ಮೇಲೆ ಹೆಚ್ಚು ಕಮ್ಮಿ ಎಲ್ಲಿಂದ ಬಂತು ಅಂತ ನಂಗೆ ಅರ್ಥವೇ ಆಗ್ತಿರಲಿಲ್ಲ.

ಬೀದೀಲಿ ಕೇಳಿದೆ. ಕೇಳಬಾರದಿತ್ತು. "ಟವುನ್ ಸ್ಕೂಲಿಗೆ ಹಾಕು, ಅಲ್ಲಿ ಓದಿದೋರೆಲ್ಲ ಎಲ್ಲೆಲ್ಲೋ ಹೋಗಿದಾರೆ" ಅಂದ್ಲು ಎದುರು ಮನೆಯೋಳು. "ಅಯ್ಯೋ ಅಲ್ಲಿಗಾ? ನಮ್ಮಂಥೋರ ಮಕ್ಕಳನ್ನ ಅಲ್ಲಿ ಯಾರು ಮಾತಾಡಿಸ್ತಾರೆ" ಅಂದ್ಲು ಪಕ್ಕದ ಮನೆಯೋಳು. ರೈಲ್ವೆ ಲೈನ್ ಆಚೆ ಹೊಸ ಸ್ಕೂಲಲ್ಲಿ ಗೋಡೆ ತುಂಬಾ ಟೀವಿ ಐತೆ ಅಂತ ಒಬ್ಬಳು, ಟೀವಿ ನೋಡಕ್ಕೆ ಮನೇಲಿ ಇಲ್ವಾ ಅಂತ ಇನ್ನೊಬ್ಬಳು. ಬೀದಿ ಕೊನೆ ಸ್ಕೂಲಿನ ವಿಷಯದಲ್ಲಿ ಮಾತ್ರ ಎಲ್ಲಾರದ್ದೂ ಒಂದೇ ಮಾತು: ಬೇಡವೇ ಬೇಡ.

ನನ್ನ ಗಾಬರಿಗೆ ಕಾರಣ ಇತ್ತು. ಮಗಳು ಚೂಟಿ. ಆದ್ರೆ ಎರಡು ವರ್ಷದಿಂದ ಸ್ಕೂಲು ಅಂದ್ರೆ ಮುಖ ತಿರುಗಿಸೋಳು. ಐದನೇ ಕ್ಲಾಸ್ ಮಿಸ್ಸು ನನ್ನ ಕರೆದು, "ಒಳ್ಳೆ ಹುಡುಗಿ, ಆದ್ರೆ ಕ್ಲಾಸಲ್ಲಿ ಗಮನ ಎಲ್ಲೋ ಇರುತ್ತೆ, ಕರೆದ್ರೂ ತಿರುಗಲ್ಲ, ಸೋಂಬೇರಿ ಆಗ್ತಿದಾಳೆ" ಅಂದಿದ್ರು. ಅವಳು ಮನೆಗೆ ಬಂದು, "ಅಮ್ಮಾ, ನಂಗೆ ಓದು ಸಾಕು, ಅಜ್ಜಿ ಜೊತೆ ಕೂತು ನೂಲು ಸುತ್ತುತೀನಿ" ಅಂದ್ಲು. ನಮ್ಮ ಬೀದೀಲಿ ನೂಲು ಸುತ್ತಕ್ಕೆ ಕೂತ ಹುಡುಗೀರು ಮತ್ತೆ ಎದ್ದು ಸ್ಕೂಲಿಗೆ ಹೋದದ್ದನ್ನ ನಾನು ಕಂಡಿಲ್ಲ. ಸ್ಕೂಲ್ ಸರಿಯಾದದ್ದು ಸಿಕ್ಕದಿದ್ರೆ ಇವಳ ಓದು ಇಲ್ಲಿಗೇ ಮುಗೀತು ಅಂತ ನಂಗೆ ಖಾತ್ರಿಯಾಗಿತ್ತು.

ನಮ್ಮನೆ ಬಗ್ಗೆ ಹೇಳಲೇಬೇಕು. ಮುಂದಿನ ಹಜಾರದಲ್ಲಿ ಮೂರು ಕರೆಂಟ್ ಮಗ್ಗ. ಬೆಳಿಗ್ಗೆ ಆರಕ್ಕೆ ಶುರುವಾದ್ರೆ ಲಾಳಿ ಆ ಕಡೆ ಈ ಕಡೆ ಬಡಿಯೋ ಸದ್ದು ಊಟದ ಹೊತ್ತಿಗೆ ಒಂದು ಗಳಿಗೆ ನಿಲ್ಲುತ್ತೆ, ಮತ್ತೆ ಶುರು. ಮದುವೆಯಾಗಿ ಬಂದ ಹೊಸದರಲ್ಲಿ ನಂಗೆ ತಲೆ ಕೆಟ್ಟೇ ಹೋಗುತ್ತೆ ಅನ್ನಿಸಿತ್ತು. ಆರು ತಿಂಗಳಲ್ಲಿ ಒಗ್ಗಿಹೋಯ್ತು. ತವರಿಗೆ ಹೋದ್ರೆ ನಿಶ್ಶಬ್ದಕ್ಕೆ ನಿದ್ದೆ ಬರ್ತಿರಲಿಲ್ಲ. "ಯಾಕೆ ಕಣೇ ಹಿಂಗೆ ಅರಚ್ತೀಯ, ನಾವೆಲ್ಲ ಇಲ್ಲೇ ಇದೀವಲ್ಲ" ಅಂತ ನಮ್ಮಣ್ಣ ರೇಗಿಸೋನು. ಸೇಲಂ ಸೊಕ್ಕು ಬಂದಿದೆ ಅಂತ ಅತ್ತಿಗೆ. ನಾನು ನಕ್ಕುಬಿಡ್ತಿದ್ದೆ.

ಮಗ್ಗ ಓಡೋವಾಗ ಮಾತಾಡಿದ್ರೆ ಗಂಟಲು ಹೋಗುತ್ತೆ, ಅದಕ್ಕೆ ನಾವು ಕೈಯಲ್ಲಿ ಮಾತಾಡ್ತೀವಿ. ಎರಡು ಬೆರಳು ತುಟಿಗೆ ಇಟ್ರೆ ಟೀ. ಹೆಬ್ಬೆರಳು ಉಜ್ಜಿದ್ರೆ ನೂಲು ತುಂಡಾಗೈತೆ, ಬಂದು ಕಟ್ಟು. ಉಳಿದದ್ದೆಲ್ಲ ತುಟಿ ನೋಡಿ ತಿಳಕೊಳ್ಳೋದು. ಇದರಲ್ಲಿ ನನ್ನ ಮಗಳು ಎಲ್ಲಾರಿಗಿಂತ ಚುರುಕು. ನಮ್ಮೋರು, ಅಂದ್ರೆ ಅವಳಪ್ಪ, ಬಾಯಿ ತೆಗೆಯೋದ್ರೊಳಗೆ ಎದ್ದು ಹೋಗಿ ಬೇಕಾದ್ದನ್ನ ತಂದು ಕೈಗೆ ಕೊಡೋಳು. ಕೂಸಾಗಿದ್ದಾಗ ಅವಳ ತೊಟ್ಟಿಲು ಕಟ್ಟಿದ್ದು ಎರಡನೇ ಮಗ್ಗದ ಪಕ್ಕದಲ್ಲೇ, ನಾನು ಕೆಲಸ ಮಾಡ್ತಾ ಕಾಲಲ್ಲಿ ತೂಗಬೋದು ಅಂತ. ಮಗ್ಗ ಓಡ್ತಿದ್ರೆ ಹಾಯಾಗಿ ಮಲಗೋಳು, ಕರೆಂಟ್ ಹೋಯ್ತು ಅಂದ್ರೆ ಎದ್ದು ಅಳೋಳು. ಬಂದೋರಿಗೆಲ್ಲ ಇದನ್ನ ಹೇಳಿ ಹೇಳಿ ನಕ್ಕಿದೀವಿ.

ಸರಿ, ಸ್ಕೂಲಿನ ಗೊಂದಲಕ್ಕೆ ದಾರಿ ತೋರಿಸಿದ್ದು ನಮ್ಮತ್ತೆ. "ಮಗ್ಗಕ್ಕೆ ಒಸಾ ಆಸಿನ ನೂಲು ಏರಿಸಿದ್ರೆ ಮೊದ್ಲು ಏನ್ ಮಾಡ್ತೀಯ?" ಅಂದ್ರು.

"ಒಂದು ಮೊಳ ನೇಯ್ದು ನೋಡ್ತೀನಿ." ನಮ್ಮಲ್ಲಿ ಹಂಗೇ. ಒಂದು ಮೊಳ ನೇಯ್ದು, ಬಿಚ್ಚಿ, ಹಿಂದೆ ಮುಂದೆ ನೋಡಿ, ಸರಿ ಬಂದ್ರೆ ಮಾತ್ರ ಉಳಿದದ್ದು.

"ಮತ್ತೆ? ಒಂದೊಂದು ಇಸ್ಕೂಲಲ್ಲಿ ಒಂದೊಂದು ದಿನ ಕೂರ್ಸಿ ನೋಡು ಓಗು. ಊರೋರ ಮಾತು ಕೇಳ್ಕೊಂಡು ಯಾಕ್ ತಲೆ ಕೆಡಿಸ್ಕೋತೀಯ."

ನಂಗೆ ಅದು ಭಾಳ ಸರಿ ಅನ್ನಿಸ್ತು. ಚಿಕ್ಕ ಮಕ್ಕಳಿಗೆ ಪರೀಕ್ಷೆ ಮುಗಿದಿತ್ತು, ದೊಡ್ಡ ಕ್ಲಾಸುಗಳು ಇನ್ನೂ ನಡೀತಿದ್ದವು. ಸ್ಕೂಲಿಗೆ ಹೋಗಿ "ನನ್ನ ಮಗಳನ್ನ ಒಂದು ದಿನ ಮಾದರಿಗೆ ಕೂರಿಸ್ಕೊಳ್ಳಿ" ಅಂತ ಕೇಳೋದು ಎಂಥಾ ಹುಚ್ಚು ಅಂತ ಆಗ ಹೊಳೀಲೇ ಇಲ್ಲ.

ಮೊದಲು ಟವುನ್ ಸ್ಕೂಲು. ಎಂಥಾ ಸ್ಕೂಲು ಅಂತೀರಾ! ಬೇವಿನ ಮರ, ಗುಡಿಸಿದ ಅಂಗಳ, ಅಷ್ಟು ಹುಡುಗೀರಿದ್ರೂ ಒಂದು ಸದ್ದಿಲ್ಲ. ಹೆಡ್‌ಮಿಸ್ಸು ಮೇಜಿನ ಆಚೆ ಕೂತು ಏನೋ ಬರೀತಿದ್ರು. ನಾನು ಬಂದ ವಿಷಯ ಹೇಳಿದೆ. ಅವರು ತಲೆ ಎತ್ತದೆ ಏನೋ ಅಂದ್ರು. "ಏನು ಮೇಡಂ?" ಅಂದೆ. ಮತ್ತೆ ಏನೋ ಅಂದ್ರು. ಮೂರನೇ ಸಲ ಕೇಳಿದಾಗ ಅವರ ಹುಬ್ಬು ಗಂಟಾಯ್ತು. ನಂಗೂ ರೇಗಿಹೋಯ್ತು. ಸೀರೆ ನೋಡಿ ಮಾತಾಡೋ ಜನ ಅಂತ ಮನಸ್ಸಲ್ಲೇ ಅಂದ್ಕೊಂಡೆ. "ವಾಯೈ ತಿರಂದು ಪೇಸುಂಗ ಮೇಡಂ" ಅಂದೇಬಿಟ್ಟೆ, ಬಾಯಿ ಬಿಟ್ಟು ಮಾತಾಡಿ ಅಂತ. ಅವರು ಪೆನ್ನು ಕೆಳಗಿಟ್ಟು, "ಅಮ್ಮಾ, ಕೂಗಬೇಡಿ. ಪಕ್ಕದಲ್ಲಿ ಪಾಠ ನಡೀತೈತೆ" ಅಂದ್ರು. ನಾನೆಲ್ಲಿ ಕೂಗಿದೆ? ನಾನು ಮಾತಾಡೋದೇ ಹಂಗೆ. ಏನೋ ಪುಣ್ಯ, ಹುಡುಗೀನ ಮಾತ್ರ ಒಳಗೆ ಕಳಿಸಿದ್ರು.

ಸಂಜೆ ಮಗಳು ಸಪ್ಪೆ ಮುಖ ಹಾಕ್ಕೊಂಡು ಬಂದ್ಲು. ನೋಟ್‌ಬುಕ್ ತೆಗೆದು ನೋಡಿದ್ರೆ ಅರ್ಧ ಪುಟ.

"ಏನ್ ಪಾಠ ಮಾಡಿದ್ರು?"

"ಗೊತ್ತಿಲ್ಲ. ಪಕ್ಕದೋಳದ್ದು ನೋಡಿ ಬರ್ಕೊಂಡೆ."

"ಮಿಸ್ಸು ಚೆನ್ನಾಗಿ ಹೇಳಿಕೊಡಲ್ವಾ?"

"ಅವರು ಸುಮ್ನೆ ಬಾಯಿ ಆಡಿಸ್ತಾರಮ್ಮಾ."

ಆಹಾ, ಆ ಹೆಡ್‌ಮಿಸ್ಸಿನಂಗೇ ಎಲ್ಲಾರೂ ಅಲ್ಲಿ ಅನ್ನ ಬಾಯಲ್ಲಿಟ್ಕೊಂಡು ಮಾತಾಡೋರು ಅಂತ ನಂಗೆ ಸಮಾಧಾನವೇ ಆಯ್ತು. ಒಂದು ಮೊಳ ನೇಯ್ದು ನೋಡಿದ್ದು ಒಳ್ಳೇದಾಯ್ತು ಅಂತ ಅತ್ತೆಗೆ ಹೇಳಿದೆ.

ಎರಡನೇದು ರೈಲ್ವೆ ಲೈನ್ ಆಚೆ, ಗೋಡೆ ತುಂಬಾ ಟೀವಿ ಇದ್ದ ಸ್ಕೂಲು. ಅಲ್ಲಿಂದ ಬಂದ ನೋಟ್‌ಬುಕ್ ನೋಡಿ ನನ್ನ ತಲೆ ಇನ್ನೂ ಕೆಟ್ಟೋಯ್ತು. ಲೆಕ್ಕ ಅಷ್ಟೂ ಮಾಡಿದ್ಲು, ಒಂದೂ ತಪ್ಪಿಲ್ಲ. ಪಕ್ಕದ ಪುಟದಲ್ಲಿ ಡಿಕ್ಟೇಷನ್ ಅಂತ ಬರೆದು ಅಡಿಗೆರೆ ಎಳೆದಿದ್ಲು, ಕೆಳಗೆ ಖಾಲಿ. ಲೆಕ್ಕ ಪರದೆ ಮೇಲೆ ಬರ್ತಿತ್ತಂತೆ. ಡಿಕ್ಟೇಷನ್ ಹೇಳೋವಾಗ ಮಿಸ್ಸು ಬೆಂಚುಗಳ ಮಧ್ಯೆ ನಡೀತಾ ಇದ್ರಂತೆ. "ನಡೆದ್ರೆ ನಿಂಗೇನು? ಬರೀಬೇಕಪ್ಪಾ!" ಅಂದೆ. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕ್ಕೊಂಡ್ಲು. ಕಷ್ಟದ ಲೆಕ್ಕ ಮಾಡೋಳು ಹೇಳಿದ ಪದ ಬರೆಯಕ್ಕಾಗಲ್ಲ ಅಂದ್ರೆ ಏನು ಅರ್ಥ? ಸ್ಕೂಲು ಒಳ್ಳೇದೋ ಕೆಟ್ಟದ್ದೋ? ನಮ್ಮೋರನ್ನ ಕೇಳಿದೆ. "ಅರ್ಧ ಒಳ್ಳೇದು" ಅಂದ್ರು ಮಹಾನುಭಾವರು, ಮತ್ತೆ ಮಗ್ಗಕ್ಕೆ ಹೋದ್ರು.

ಮೂರನೇದಕ್ಕೆ ಹೋಗೋ ಯೋಚನೆ ನಂಗಿರಲಿಲ್ಲ. ಬೀದಿ ಕೊನೆ ಸ್ಕೂಲು, ದಿನಾ ನೋಡೋದೇ. ಕಾಂಪೌಂಡಿಗೆ ಅಂಟಿಕೊಂಡೇ ಓಮಲೂರು ಬಸ್ಸುಗಳು ಹಾರನ್ ಹೊಡೀತಾ ಹೋಗ್ತವೆ, ಇನ್ನೊಂದು ಕಡೆ ನೂಲು ಹುರಿ ಮಾಡೋ ಶೆಡ್ಡು ದಿನವಿಡೀ ಗುಂಯ್‌ಗುಟ್ಟುತ್ತೆ. ಕಕ್ಕಸಿನ ಬಾಗಿಲು ಅರ್ಧವೇ ಐತೆ. ಅತ್ತೆ ಬಿಡಲಿಲ್ಲ: "ಎರಡು ನೋಡಿದ್ಮೇಲೆ ಮೂರ್ನೇದೂ ನೋಡ್ಬೇಕು, ಇಲ್ಲಾಂದ್ರೆ ಮನಸ್ಸಲ್ಲಿ ಉಳ್ಕೋತದೆ." ಅವರ ಬಾಯಿಗೆ ಹೆದರಿ ಕಳಿಸಿದೆ.

ಆರನೇ ಕ್ಲಾಸ್ ಮಿಸ್ಸಿಗೆ ವಯಸ್ಸಾಗಿತ್ತು, ತಲೆ ಪೂರ್ತಿ ಬೆಳ್ಳಗೆ. ಅವರು ಪಾಠ ಹೇಳಿದ್ರೆ ಬಸ್‌ಸ್ಟಾಪಲ್ಲಿ ನಿಂತೋರಿಗೂ ಬರ್ತದೆ, ಅಂಥಾ ಗಂಟಲು. ಸಂಜೆ ಮಗಳು ಓಡಿ ಬಂದ್ಲು. ಕೈಕಾಲು ತೊಳೀಲಿಲ್ಲ, ತಿಂಡಿ ಕೇಳಲಿಲ್ಲ, ಭೂಮಿ ತಿರುಗೋದು ಹೆಂಗೆ ಅಂತ ಅಜ್ಜೀನ ನಿಲ್ಲಿಸಿ ಸುತ್ತ ಓಡಿ ತೋರಿಸಿದ್ಲು. ನೋಟ್‌ಬುಕ್ಕಲ್ಲಿ ನಾಲ್ಕು ಪುಟ. "ಅಮ್ಮಾ, ನಾನು ಇಲ್ಲೇ ಓದ್ತೀನಿ. ಇಲ್ಲಾಂದ್ರೆ ಎಲ್ಲೂ ಓದಲ್ಲ."

ಥೂ, ಏನು ಹುಡುಗಿ ಇದು! ಮೂರು ತುಂಡು ಮುಂದಿಟ್ರೆ ಹರಿದದ್ದನ್ನೇ ಎತ್ತಿಕೊಂಡ್ಲಲ್ಲ ಅಂತ ಅಳು ಬಂತು. ಮರ ಇರೋ ಸ್ಕೂಲಲ್ಲಿ ಪೆದ್ದಿ, ಟೀವಿ ಸ್ಕೂಲಲ್ಲಿ ಅರ್ಧ ಜಾಣೆ, ಬಾಗಿಲಿಲ್ಲದ ಸ್ಕೂಲಲ್ಲಿ ಪೂರ್ತಿ ಜಾಣೆ. ಒಂದೇ ಹುಡುಗಿ, ಮೂರು ದಿನ. ಎಷ್ಟು ತಿರುಗಿಸಿ ನೋಡಿದ್ರೂ ನಂಗೆ ತಲೆಬುಡ ತಿಳೀಲಿಲ್ಲ. ಕೊನೆಗೆ, ಎಲ್ಲೂ ಓದಲ್ಲ ಅನ್ನೋದಕ್ಕಿಂತ ಇದೇ ವಾಸಿ ಅಂತ ಮಾರನೇ ದಿನ ಅವಳನ್ನ ಕರ್ಕೊಂಡು ಫಾರಂ ಕೇಳಕ್ಕೆ ಹೋದೆ.

ಆ ಮಿಸ್ಸು ನಮ್ಮಿಬ್ಬರನ್ನ ಖಾಲಿ ಕ್ಲಾಸಿಗೆ ಕರ್ಕೊಂಡು ಹೋದ್ರು. ಮಗಳು ಕಿಟಕೀಲಿ ಬಸ್ಸು ನೋಡ್ತಾ ನಿಂತ್ಲು. ಮಿಸ್ಸು ಹಿಂದಿನಿಂದ ಅವಳ ಹೆಸರು ಕರೆದ್ರು. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕರೆದ್ರು. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿ ತಿರುಗಿದ್ಲು. ಆಮೇಲೆ ಮಿಸ್ಸು ಸೆರಗಲ್ಲಿ ಬಾಯಿ ಮುಚ್ಕೊಂಡು ಅವಳಿಗೆ ಏನೋ ಹೇಳಿದ್ರು. ಮಗಳು ನನ್ನ ಮುಖ ನೋಡಿದ್ಲು, ಏನಂದ್ರು ಅನ್ನೋ ಹಂಗೆ.

ನಂಗೆ ಸಿಟ್ಟು ಬಂತು. "ಬಾಯಿಗೆ ಬಟ್ಟೆ ಅಡ್ಡ ಇಟ್ಕೊಂಡ್ರೆ ಯಾರಿಗೆ ತಿಳಿಯುತ್ತೆ ಮಿಸ್? ನಂಗೂ ತಿಳೀಲಿಲ್ಲ!" ಅಂದೆ.

ಅವರು ಸೆರಗು ಇಳಿಸಿದ್ರು. ಬಾಗಿಲ ಹತ್ತಿರ ಕಸ ಗುಡಿಸ್ತಿದ್ದ ಆಯಮ್ಮನ್ನ, "ನಾನೇನಂದೆ?" ಅಂತ ಕೇಳಿದ್ರು. "ಪುಸ್ತಕ ಎತ್ಕೊಡು ಅಂದ್ರಿ" ಅಂದ್ಲು ಆಯಮ್ಮ, ಗುಡಿಸೋದು ನಿಲ್ಲಿಸದೆ.

"ನಿನ್ನೆ ಪೂರ್ತಿ ಅವಳು ನನ್ನ ಬಾಯಿ ನೋಡ್ತಾ ಕೂತಿದ್ಲಮ್ಮಾ" ಅಂದ್ರು ಮಿಸ್ಸು. "ಬೋರ್ಡ್ ಕಡೆ ತಿರುಗಿದ್ರೆ ಪೆನ್ಸಿಲ್ ನಿಲ್ಲೋದು. ನಂಗೆ ಈ ಬಸ್ಸುಗಳ ಮಧ್ಯೆ ಎದುರು ನಿಂತು ಕೂಗಿ ಹೇಳೋದು ಅಭ್ಯಾಸ, ಅದಕ್ಕೆ ಅವಳಿಗೆ ಇಲ್ಲಿ ಸರಿಹೋಯ್ತು. ಆದ್ರೆ ನಾನು ಬರೋ ವರ್ಷ ಇರಲ್ಲ, ರಿಟೈರು. ನನ್ನ ಗಂಟಲು ನಂಬಿ ಸೇರಿಸಬೇಡಿ. ಮೊದಲು ದೊಡ್ಡಾಸ್ಪತ್ರೆಗೆ ಹೋಗಿ ಕಿವಿ ತೋರ್ಸಿ."

ನನ್ನ ಮಗಳಿಗೆ ಕಿವುಡು ಅಂತೀರಾ ಅಂತ ಜಗಳಕ್ಕೇ ನಿಂತೆ. ದಾರೀಲಿ ಅವಳ ಹಿಂದೆ ನಡೀತಾ ಮೆಲ್ಲಗೆ ಹೆಸರು ಕರೆದು ನೋಡಿದೆ. ಎರಡು ಸಲ, ಮೂರು ಸಲ. ಅವಳು ಕಲ್ಲು ಒದೀತಾ ಹೋಗ್ತಾನೇ ಇದ್ಲು.

ದೊಡ್ಡಾಸ್ಪತ್ರೇಲಿ ಒಂದು ಸಣ್ಣ ಕೋಣೆ ಐತೆ, ಗೋಡೆಗೆಲ್ಲ ಮೆತ್ತನೆ ಹೊದಿಕೆ, ಒಂದು ಗಾಜು. ಒಳಗೆ ಕೂರ್ಸಿ ಕಿವಿಗೆ ಹಾಕಿ ಸದ್ದು ಬಿಡ್ತಾರೆ, ಕೇಳಿಸಿದ್ರೆ ಗುಂಡಿ ಒತ್ತಬೇಕು. ಟೆಸ್ಟ್ ಮಾಡೋಳು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಮಗಳು ಗಾಜಿನಾಚೆ ಗುಂಡಿ ಹಿಡ್ಕೊಂಡು ಕೂತಿದ್ಲು, ಒತ್ತಿದ್ದು ಭಾಳ ಕಮ್ಮಿ. ಎರಡು ಕಿವೀಲೂ ಸಣ್ಣ ಸದ್ದುಗಳು ಹೋಗಿವೆ, ಎಡಗಿವಿ ಸ್ವಲ್ಪ ವಾಸಿ, ಹೋದದ್ದು ವಾಪಸ್ ಬರಲ್ಲ ಅಂದ್ಲು. ನಾನು "ಏನು? ಏನು?" ಅಂತಿದ್ದೆ. ಅವಳು ಬರೆಯೋದು ನಿಲ್ಲಿಸಿ, "ನೀವೂ ಒಂದು ಸಲ ಒಳಗೆ ಕೂತ್ಕೊಳ್ಳಿ ಅಕ್ಕಾ" ಅಂದ್ಲು.

ಕೂತೆ. ನಡುವೆ ನಾಲ್ಕಾರು ಸಲ ದಪ್ಪಗೆ ಗುಂಯ್ ಅಂದಂಗಾಯ್ತು, ಒತ್ತಿದೆ. ಆಮೇಲೆ ಸುಮ್ಮನೆ ಕಾದೆ. ಎಷ್ಟೊತ್ತಾದ್ರೂ ಏನೂ ಬರಲಿಲ್ಲ. ಅವಳು ಬಾಗಿಲು ತೆಗೆದ್ಲು. "ಇನ್ನೂ ಶುರು ಮಾಡಿಲ್ವಾ?" ಅಂದೆ.

"ಮುಗೀತಕ್ಕಾ" ಅಂದ್ಲು.

ನನ್ನದು ಮಗಳಿಗಿಂತ ಹೆಚ್ಚು ಹೋಗಿತ್ತು. ಅಲ್ಲಿಗೆ ನಾನು ಮೂರು ಸ್ಕೂಲು ಅಳೆದದ್ದು ಯಾವ ಮೊಳದಲ್ಲಿ? ಆ ಹೆಡ್‌ಮಿಸ್ಸು ಸರಿಯಾಗೇ ಮಾತಾಡಿದ್ರು. ಬೇವಿನ ಮರದ ಕೆಳಗೆ ಹುಡುಗೀರು ಕಲಕಲ ಅಂತಿದ್ದಿರಬೇಕು, ನಂಗೆ ನಿಶ್ಶಬ್ದ ಅನ್ನಿಸಿತ್ತು. ನಮ್ಮಣ್ಣ ಅರಚಬೇಡ ಅಂದದ್ದು, ಐದನೇ ಕ್ಲಾಸ್ ಮಿಸ್ಸು ಸೋಂಬೇರಿ ಅಂದದ್ದು, ನಾನು ಅದಕ್ಕೆ ಮಗಳಿಗೆ ಎರಡು ಬಾರಿಸಿದ್ದು, ಎಲ್ಲಾ ಒಟ್ಟಿಗೆ ನುಗ್ಗಿ ಬಂತು. ಆ ತೊಟ್ಟಿಲು! ಮಗ್ಗದ ಪಕ್ಕ ನನ್ನ ಕೈಯ್ಯಾರೆ ಕಟ್ಟಿದ್ದಲ್ವಾ ಅದನ್ನ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮಗಳು ನನ್ನ ಮುಖ ತಿರುಗಿಸಿ, "ಯಾಕಮ್ಮಾ ಅಳ್ತೀಯ? ಎಲ್ಲಾರಿಗೂ ಇಷ್ಟೇ ಅಂದ್ಕೊಂಡಿದ್ದೆ ನಾನು" ಅಂದ್ಲು.

ಗೊಂದಲ ಅಲ್ಲಿಗೆ ಮುಗೀತು ಅಂತೀರಾ? ಇನ್ನೂ ಜಾಸ್ತಿಯಾಯ್ತು. ಮಗಳಿಗೆ ಕಿವಿ ಮೆಷಿನ್ ಕೊಡ್ತೀವಿ ಅಂದ್ರು, ಆದ್ರೆ ಅದು ಮಾತಿನ ಜೊತೆ ಬಸ್ಸಿನ ಸದ್ದನ್ನೂ ದೊಡ್ಡದು ಮಾಡುತ್ತಂತೆ. ಗಲಾಟೆ ಇರೋ ಕಡೆ ಬೇಡ, ನಿಶ್ಶಬ್ದವಾಗಿರೋ ಸ್ಕೂಲಲ್ಲಿ ಮುಂದಿನ ಬೆಂಚಲ್ಲಿ ಕೂರ್ಸಿ ಅಂದ್ಲು ಟೆಸ್ಟ್ ಮಾಡಿದ ಹುಡುಗಿ. ಅಂದ್ರೆ ಅವಳು ಕುಣಿದಾಡಿದ ಸ್ಕೂಲೇ ಅವಳಿಗೆ ಆಗದ್ದು, ಬಸ್ಸಿನ ಸದ್ದಿಲ್ಲದ ಟವುನ್ ಸ್ಕೂಲು, ಅವಳು ಪೆದ್ದಿ ಥರ ಕೂತು ಬಂದದ್ದೇ ಆಗೋದು. "ನೀನು ಮೋಸ ಮಾಡ್ದೆ, ನಂಗೆ ಅಲ್ಲಿ ಏನೂ ತಿಳಿಯಲ್ಲ" ಅಂತ ಮಗಳು ಎರಡು ದಿನ ಊಟ ಬಿಟ್ಲು. ಮೆಷಿನ್ ಹಾಕ್ಕೊಂಡ್ರೆ ತಿಳಿಯುತ್ತೆ ಅಂತ ನಾನು ಹೇಳಿದೆನೇ ಹೊರತು ನಂಗೇನು ಗೊತ್ತಿತ್ತು? ಮನೇಲಿ ಮಗ್ಗ ನಿಲ್ಲಿಸೋ ಹಂಗಿಲ್ಲ, ಅದೇ ನಮ್ಮ ಅನ್ನ. ಅತ್ತೆ ಹಿಂದಿನ ಕೋಣೆ ಖಾಲಿ ಮಾಡಿ, ನೂಲಿನ ಮೂಟೆಗಳನ್ನೆಲ್ಲ ಹಜಾರದ ಗೋಡೆಗೆ ಒತ್ತಿ ಜೋಡಿಸಿ, ಸದ್ದು ತಡೆಯೋ ಹಂಗೆ ಮಾಡಿದ್ರು. ಅವಳ ಪುಸ್ತಕ, ಹಾಸಿಗೆ ಎಲ್ಲಾ ಅಲ್ಲಿಗೆ ಹೋಯ್ತು.

ಟವುನ್ ಸ್ಕೂಲಿಗೆ ಮತ್ತೆ ಹೋದಾಗ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ? ಆಸ್ಪತ್ರೆ ಚೀಟಿ ಮೇಜಿನ ಮೇಲಿಟ್ಟು, "ಅವತ್ತು ತಪ್ಪಾಗಿ ಮಾತಾಡ್ದೆ ಮೇಡಂ, ನಂಗೂ ಕೇಳಿಸಲ್ಲ, ನಂಗೇ ಗೊತ್ತಿರಲಿಲ್ಲ" ಅಂದೆ. ಅವರು ಚೀಟಿ ಓದಿದ್ರು. ಎದ್ದು, ಮೇಜು ಸುತ್ತಿ ಬಂದು, ಕುರ್ಚಿ ಎಳ್ಕೊಂಡು ನನ್ನ ಎದುರಿಗೇ ಕೂತು, ನಿಧಾನಕ್ಕೆ ಕೇಳಿದ್ರು: "ಹುಡುಗಿಗೆ ಯಾವ ಕಿವಿ ವಾಸಿ?" ಅವರ ದನಿ ಅಷ್ಟು ಚೆನ್ನಾಗೈತೆ ಅಂತ ಅವತ್ತು ಗೊತ್ತಾಯ್ತು. ಎಡಗಿವಿ ಮಿಸ್ಸಿನ ಕಡೆ ಬರೋ ಹಂಗೆ ಮೊದಲ ಬೆಂಚಲ್ಲಿ ಜಾಗ ಬರೆದಿಟ್ರು.

ಸ್ಕೂಲು ಶುರುವಾಗಿ ಮೂರನೇ ವಾರ ಮೆಷಿನ್ ಬಂತು. ಹಾಕ್ಕೊಂಡ ಮೊದಲ ದಿನ ತಲೆನೋವು ಅಂತ ಕಿತ್ತೆಸೆದ್ಲು. ಎರಡನೇ ದಿನ ಹಾಕ್ಕೊಂಡು ಹೋದ್ಲು, ಮುಖ ಊದಿಸ್ಕೊಂಡು. ಅದಾಗಿ ಒಂದು ವಾರಕ್ಕೆ ಯಾವುದೋ ಕಾಗದಕ್ಕೆ ಸಹಿ ಹಾಕಕ್ಕೆ ನಂಗೆ ಬರಹೇಳಿದ್ರು. ವಾಪಸ್ ಬರ್ತಾ ಅವಳ ಕ್ಲಾಸಿನ ಕಿಟಕಿ ಹತ್ತಿರ ನಿಂತೆ. ಅವಳ ಬೆನ್ನು ಮಾತ್ರ ಕಾಣ್ತಿತ್ತು. ಮಿಸ್ಸು ಏನೋ ಕೇಳಿದ್ರು ಅಂತ ಕಾಣುತ್ತೆ, ನನ್ನ ಮಗಳು ಕೈ ಎತ್ತಿದ್ಲು. ಎದ್ದು ನಿಂತು ಏನೋ ಹೇಳಿದ್ಲು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಇವಳನ್ನ ನೋಡಿ ನಕ್ಕರೋ, ಇವಳು ಹೇಳಿದ್ದಕ್ಕೆ ನಕ್ಕರೋ? ಮೆಷಿನ್ ನೋಡಿ ನಕ್ಕರೋ? ಮಿಸ್ಸೂ ನಗ್ತಿದ್ರು. ಒಳಗೆ ನುಗ್ಗಲೋ ಬಿಡಲೋ ಗೊತ್ತಾಗದೆ ಕಿಟಕಿ ಸರಳು ಹಿಡ್ಕೊಂಡು ನಿಂತೆ. ಕೊನೆಗೆ ಏನೂ ತಿಳೀದೆ ಬಸ್ಸು ಹತ್ತಿದೆ.

ಸಂಜೆ ಅವಳು ಬರೋ ಹೊತ್ತಿಗೆ ನಂಗೆ ಕಾದು ಕಾದು ಸಾಕಾಗಿತ್ತು. "ಕ್ಲಾಸಲ್ಲಿ ಎಲ್ಲಾರೂ ಯಾಕೆ ನಕ್ಕಿದ್ದು?" ಅಂದೆ.

ಅವಳು ಚಪ್ಪಲಿ ಬಿಡ್ತಾ, ಬೆನ್ನು ಹಾಕ್ಕೊಂಡೇ ಏನೋ ಹೇಳಿದ್ಲು. ಆಮೇಲೆ ಜ್ಞಾಪಕ ಬಂತೇನೋ, ಚಪ್ಪಲಿ ಅಲ್ಲೇ ಬಿಟ್ಟು ಬಂದು ನನ್ನ ಎದುರಿಗೇ ಕೂತ್ಲು, ಮುಖ ಕಾಣೋ ಹಂಗೆ. ನಿಧಾನಕ್ಕೆ, ಒಂದೊಂದೇ ಮಾತು ಬಿಡಿಸಿ ಹೇಳಿದ್ಲು: "ಕರೆಂಟ್ ಹೋದ್ರೆ ನಿಮ್ಮನೇಲಿ ಏನ್ ಮಾಡ್ತೀರಾ ಅಂತ ಮಿಸ್ಸು ಕೇಳಿದ್ರು. ನಮ್ಮನೇಲಿ ಎಲ್ಲಾರೂ ನಿದ್ದೆಯಿಂದ ಎದ್ದುಬಿಡ್ತೀವಿ ಅಂದೆ. ಅದಕ್ಕೆ ನಕ್ಕಿದ್ದಮ್ಮಾ. ಕೇಳಿಸ್ತಾ?"